ಒಂದೇ ವಸ್ತು, ಹಲವು ಕಣ್ಣು: ಹೆಡ್‌ಸೆಟ್ ಇಲ್ಲದ ತರಗತಿಯಲ್ಲಿ ಮಿಶ್ರ ವಾಸ್ತವದ ಪಾಠ

ಮಾದರಿ ಪಾಠ. ವಿಷಯ: ಗಣಿತ. ತರಗತಿ: 9. ಘಟಕ: ನಿರ್ದೇಶಾಂಕ ರೇಖಾಗಣಿತ (ವಿಸ್ತರಣಾ ಪಾಠ). ಸಮಯ: 40 ನಿಮಿಷಗಳ 3 ಅವಧಿಗಳು.

ಪಾಠದ ಹಿನ್ನೆಲೆ

ನಿರ್ದೇಶಾಂಕ ರೇಖಾಗಣಿತದ ಘಟಕ ಮುಗಿದ ಮೇಲೆ ಒಂಬತ್ತನೇ ತರಗತಿಯ ಮಕ್ಕಳು ಗ್ರಾಫ್ ಹಾಳೆಯಲ್ಲಿ (3, 2) ಎಂಬ ಬಿಂದುವನ್ನು ಸಲೀಸಾಗಿ ಗುರುತಿಸುತ್ತಾರೆ. ಆದರೆ ಮೂಲಬಿಂದು ಅಲ್ಲಿಯೇ ಏಕಿದೆ, ಅದನ್ನು ಯಾರು ಗೊತ್ತುಮಾಡಿದರು ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಪುಸ್ತಕದಲ್ಲಿ ಅಚ್ಚಾಗಿರುವುದರಿಂದ ಅದು ಅಲ್ಲಿದೆ ಎಂಬುದೇ ಹೆಚ್ಚಿನವರ ತಿಳಿವಳಿಕೆ. ಮೂಲಬಿಂದು ಪ್ರಕೃತಿ ಕೊಟ್ಟದ್ದಲ್ಲ, ಜನ ಕೂಡಿ ಒಪ್ಪಿಕೊಂಡದ್ದು ಎಂಬ ಅರಿವು ಮೂಡದಿದ್ದರೆ ಘಟಕದ ಅರ್ಧ ತಿರುಳು ಕೈತಪ್ಪಿದಂತೆ.

ಈ ಅರಿವನ್ನು ಮೂಡಿಸಲು ನಾನು ಆರಿಸಿಕೊಂಡ ಉದಾಹರಣೆ ಮಿಶ್ರ ವಾಸ್ತವ, ಅಂದರೆ ಮಿಕ್ಸೆಡ್ ರಿಯಾಲಿಟಿ. ನಿಜವಾದ ಕೋಣೆಯಲ್ಲಿ, ನಿಜವಾದ ಮೇಜಿನ ಮೇಲೆ, ಗಣಕಯಂತ್ರ ರಚಿಸಿದ ವಸ್ತುವೊಂದು ಇರುವಂತೆ ಕನ್ನಡಕದಂಥ ಸಾಧನದ ಮೂಲಕ ತೋರಿಸುವ ತಂತ್ರ ಇದು. ಐವನ್ ಸದರ್ಲ್ಯಾಂಡ್ ತಲೆಗೆ ಧರಿಸುವ ಇಂಥ ಪ್ರದರ್ಶಕವನ್ನು 1968ರಲ್ಲೇ ತೋರಿಸಿದ್ದರು. ನಿಜ ಜಗತ್ತಿನಿಂದ ಪೂರ್ಣ ಕಲ್ಪಿತ ಜಗತ್ತಿನವರೆಗೆ ಒಂದು ಉದ್ದನೆಯ ಗೆರೆಯನ್ನು ಎಳೆದು, ನಡುವಿನ ಭಾಗಕ್ಕೆ ಮಿಶ್ರ ವಾಸ್ತವ ಎಂದು ಹೆಸರು ಕೊಟ್ಟು ವಿವರಿಸಿದವರು ಪಾಲ್ ಮಿಲ್‌ಗ್ರಾಮ್ ಮತ್ತು ಫ್ಯೂಮಿಯೊ ಕಿಶಿನೊ, 1994ರಲ್ಲಿ.

ಒಬ್ಬನೇ ನೋಡುವಾಗ ತೊಡಕು ಕಡಿಮೆ. ಹಲವರು ಕೂಡಿ ನೋಡುವಾಗಲೇ ನಮ್ಮ ಪಾಠ ಆರಂಭವಾಗುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ವೈದ್ಯ ವಿದ್ಯಾರ್ಥಿಗಳು ಹೋಲೊಲೆನ್ಸ್ ಎಂಬ ಹೆಡ್‌ಸೆಟ್ ಧರಿಸಿ, ಹೋಲೊಅನಾಟಮಿ ಎಂಬ ತಂತ್ರಾಂಶದ ಮೂಲಕ, ಒಂದೇ ದೇಹದ ಮಾದರಿಯ ಸುತ್ತ ನಿಂತು ಅಂಗರಚನೆ ಕಲಿಯುತ್ತಾರೆ. ಅಧ್ಯಾಪಕರು ಒಂದು ರಕ್ತನಾಳವನ್ನು ತೋರಿಸಿದಾಗ ಎದುರು ನಿಂತ ವಿದ್ಯಾರ್ಥಿಗೂ ಅದೇ ನಾಳ ಕಾಣಬೇಕು. ಅಧ್ಯಾಪಕರ ಬೆರಳು ಒಂದು ನಾಳದ ಮೇಲಿದ್ದು ವಿದ್ಯಾರ್ಥಿಗೆ ಪಕ್ಕದ ನಾಳದ ಮೇಲಿದ್ದಂತೆ ಕಂಡರೆ, ಆತ ತಾನು ಕಂಡದ್ದನ್ನು ಸರಿಯಾಗಿಯೇ ಹೆಸರಿಸಿದರೂ ಉತ್ತರ ತಪ್ಪೆಂದು ಗುರುತಾಗುತ್ತದೆ. ಶಿಕ್ಷಕರಾದ ನಮಗೆ ಈ ವಿಷಯದಲ್ಲಿ ಇರುವ ಮುಖ್ಯ ಕಾಳಜಿ ಇದೇ.

ಪಾಠ ಯೋಜನೆಯ ಚರ್ಚೆಯಲ್ಲಿ ಪ್ರಶಿಕ್ಷಣಾರ್ಥಿಗಳು ಎತ್ತಿದ ಮೊದಲ ಆಕ್ಷೇಪ ಸಹಜವಾಗಿಯೇ ಇತ್ತು: "ಬೋಧನಾಭ್ಯಾಸದ ಶಾಲೆಯಲ್ಲಿ ಒಂದೂ ಹೆಡ್‌ಸೆಟ್ ಇಲ್ಲ. ಪಾಠ ಮಾಡುವುದು ಹೇಗೆ?" ಕಷ್ಟದ ಭಾಗ ಹೆಡ್‌ಸೆಟ್‌ನೊಳಗಿಲ್ಲ, ನೋಡುವವರ ನಡುವಿನ ಒಪ್ಪಂದದಲ್ಲಿದೆ ಎಂಬುದು ನನ್ನ ಉತ್ತರ. ಒಪ್ಪಂದವನ್ನು ಸೀಮೆಸುಣ್ಣ, ಚೀಟಿ ಮತ್ತು ರಟ್ಟಿನ ಡಬ್ಬಿಯಿಂದಲೇ ಕಲಿಸಬಹುದು.

ಕಲಿಕಾ ಫಲಗಳು

ಪಾಠದ ಕೊನೆಯಲ್ಲಿ ವಿದ್ಯಾರ್ಥಿಯು
1. ಒಂದೇ ಬಿಂದುವಿಗೆ ಎರಡು ಬೇರೆ ಮೂಲಬಿಂದುಗಳಿಂದ ನಿರ್ದೇಶಾಂಕ ಬರೆದು, ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವನು/ಳು.
2. ಹಂಚಿಕೊಂಡ ವಸ್ತುವಿನ ಬಗ್ಗೆ ಎಷ್ಟು ಮಾಹಿತಿ ಕಳುಹಿಸಿದರೆ ಸಾಕು ಎಂಬುದನ್ನು ಲೆಕ್ಕದೊಂದಿಗೆ ವಿವರಿಸುವನು/ಳು.
3. ಇಬ್ಬರು ಏಕಕಾಲಕ್ಕೆ ವಸ್ತುವನ್ನು ಸರಿಸಿದಾಗ ಬರುವ ಗೊಂದಲವನ್ನು ಗುರುತಿಸಿ, ಅದನ್ನು ತಪ್ಪಿಸುವ ನಿಯಮವನ್ನು ರೂಪಿಸುವನು/ಳು.

ವಿಷಯ ವಿಶ್ಲೇಷಣೆ

ಮಕ್ಕಳಲ್ಲಿ ಸಾಮಾನ್ಯವಾಗಿರುವ ಪೂರ್ವಕಲ್ಪನೆಯೊಂದನ್ನು ಶಿಕ್ಷಕರು ಮೊದಲೇ ತಿಳಿದಿರಬೇಕು. ವಿಡಿಯೊ ಕರೆ ಮಾಡಿ ಅಭ್ಯಾಸವಿರುವ ಮಕ್ಕಳು, ಒಬ್ಬನ ಹೆಡ್‌ಸೆಟ್‌ನಲ್ಲಿರುವ ಚಿತ್ರವೇ ಇನ್ನೊಬ್ಬನಿಗೆ ರವಾನೆಯಾಗುತ್ತದೆ ಎಂದು ಭಾವಿಸುತ್ತಾರೆ. ವಾಸ್ತವದಲ್ಲಿ ಸಾಮಾನ್ಯವಾಗಿ ಪ್ರತಿ ಸಾಧನದಲ್ಲೂ ವಸ್ತುವಿನ ಸ್ವಂತ ಪ್ರತಿಯೊಂದು ಇರುತ್ತದೆ. ಹತ್ತು ಜನ ನೋಡುತ್ತಿದ್ದರೆ ಹತ್ತು ಪ್ರತಿಗಳು. ಆ ಹತ್ತೂ ಒಂದೇ ಎನ್ನುವಂತೆ ನಡೆದುಕೊಳ್ಳುವ ಹಾಗೆ ನೋಡಿಕೊಳ್ಳುವುದೇ ಹೊಂದಾಣಿಕೆ, ತಂತ್ರಜ್ಞರ ಮಾತಿನಲ್ಲಿ ಸಿಂಕ್. ಆದ್ದರಿಂದ ಪಾಠದಲ್ಲಿ "ವಸ್ತುವನ್ನು ಕಳುಹಿಸುತ್ತದೆ" ಎಂಬ ಮಾತನ್ನು ಬಳಸದೆ "ವಸ್ತುವಿನ ಸ್ಥಿತಿಯನ್ನು ತಿಳಿಸುತ್ತದೆ" ಎಂದೇ ಹೇಳಬೇಕು.

ಇಡೀ ವಿಷಯವನ್ನು ನಾನು ಮೂರು ಪ್ರಶ್ನೆಗಳಾಗಿ ಒಡೆದುಕೊಂಡೆ: ಎಲ್ಲಿದೆ? ಹೇಗಿದೆ? ಯಾರ ಕೈಯಲ್ಲಿದೆ? ಒಂದೊಂದು ಅವಧಿಗೆ ಒಂದೊಂದು ಪ್ರಶ್ನೆ.

ಬೋಧನೋಪಕರಣಗಳು

ಜಗುಲಿಯ ನೆಲದ ಮೇಲೆ ಸೀಮೆಸುಣ್ಣದಿಂದ ಎಳೆದ 8 ಚೌಕ ಅಗಲ, 6 ಚೌಕ ಉದ್ದದ ಜಾಲ (ಪ್ರತಿ ಚೌಕದ ಬಾಹು 50 ಸೆಂ.ಮೀ.), ಒಂದೇ ಬಗೆಯ ಎರಡು ರಟ್ಟಿನ ಡಬ್ಬಿಗಳು (ಆರು ಮುಖಕ್ಕೆ ಆರು ಬಣ್ಣ), ಚೀಟಿಗಳು, ಡಸ್ಟರ್, ದಾರ, ಅಡ್ಡಪರದೆಗೆ ಒಂದು ಜಮಖಾನ.

ಮೊದಲ ಅವಧಿ: ಎಲ್ಲಿದೆ?

ತರಗತಿಯನ್ನು ಕಾವೇರಿ, ತುಂಗಾ ಎಂಬ ಎರಡು ತಂಡಗಳಾಗಿ ಮಾಡಿದೆ. ಕಾವೇರಿ ತಂಡ ಜಾಲದ ನೈರುತ್ಯ ಮೂಲೆಯಲ್ಲಿ ಉತ್ತರಕ್ಕೆ ಮುಖಮಾಡಿ ನಿಂತಿತು. ತುಂಗಾ ತಂಡ ಈಶಾನ್ಯ ಮೂಲೆಯಲ್ಲಿ ದಕ್ಷಿಣಕ್ಕೆ ಮುಖಮಾಡಿ ನಿಂತಿತು. ಇಬ್ಬರಿಗೂ ಒಂದೇ ಸೂಚನೆ: "ನಿಮ್ಮ ಮೂಲೆಯೇ ಮೂಲಬಿಂದು. ಬಲಕ್ಕೆ 3, ಮುಂದಕ್ಕೆ 2. ಅಲ್ಲಿ ಡಬ್ಬಿ ಇಡಿ."

ಎರಡು ಡಬ್ಬಿಗಳು ಎರಡು ಜಾಗದಲ್ಲಿ ಕುಳಿತವು. ಎರಡೂ ತಂಡದವರು ಲೆಕ್ಕವನ್ನು ಮತ್ತೆ ಎಣಿಸಿ ತಾವೇ ಸರಿ ಎಂದರು. ಇಬ್ಬರ ಎಣಿಕೆಯೂ ಸರಿಯಾಗಿಯೇ ಇತ್ತು. ಆಗ ಕೇಳಿದ ಪ್ರಶ್ನೆ: "ತುಂಗಾ ತಂಡದ ಡಬ್ಬಿ ಕಾವೇರಿ ತಂಡದ ಲೆಕ್ಕದಲ್ಲಿ ಎಲ್ಲಿದೆ?" ಮಕ್ಕಳು ಎಣಿಸಿ (5, 4) ಎಂದರು. ಇನ್ನೂ ಎರಡು ಬಿಂದುಗಳನ್ನು ಪ್ರಯತ್ನಿಸಿದ ಮೇಲೆ ಪರಿವರ್ತನೆಯ ನಿಯಮವನ್ನು ತಾವೇ ಕಪ್ಪುಹಲಗೆಯ ಮೇಲೆ ಬರೆದರು: (x, y) ಇದ್ದದ್ದು (8 − x, 6 − y) ಆಗುತ್ತದೆ. ಇಲ್ಲಿ ಶಿಕ್ಷಕರು ಸೂತ್ರವನ್ನು ಮೊದಲೇ ಕೊಡಬಾರದು. ಜಗುಲಿಯ ಮೇಲೆ ಎಣಿಸಿ ಪಡೆದ ಸೂತ್ರ ಮಕ್ಕಳಲ್ಲಿ ಉಳಿಯುತ್ತದೆ.

ಮುಂದಿನ ಹೆಜ್ಜೆಯಾಗಿ ಜಾಲದ ನಡುಬಿಂದುವಿನಲ್ಲಿ ಒಂದು ಗುರುತು ಹಾಕಿ, ಇದೇ ಇಬ್ಬರಿಗೂ ಮೂಲಬಿಂದು ಎಂದೆ. ಆದರೆ ಯಾವ ದಿಕ್ಕಿಗೆ ಮುಖಮಾಡಬೇಕೆಂದು ಬೇಕೆಂದೇ ಹೇಳಲಿಲ್ಲ. ಉತ್ತರಕ್ಕೆ ಮುಖಮಾಡಿದವರು ಪೂರ್ವಕ್ಕೆ 3, ಉತ್ತರಕ್ಕೆ 2 ಹೋದರು. ಪೂರ್ವಕ್ಕೆ ಮುಖಮಾಡಿದವರಿಗೆ ಬಲಗಡೆ ಎಂದರೆ ದಕ್ಷಿಣ. ಅವರು ದಕ್ಷಿಣಕ್ಕೆ 3, ಪೂರ್ವಕ್ಕೆ 2 ಹೋದರು. ಮೂಲಬಿಂದು ಒಂದಾದರೆ ಸಾಲದು, ದಿಕ್ಕೂ ಒಂದಾಗಬೇಕು ಎಂದು ಮಕ್ಕಳೇ ಹೇಳಿದರು. ನಡುಗುರುತಿನಿಂದ ಒಂದು ಬಾಣವನ್ನು ಎಳೆದ ಮೇಲೆಯೇ ಎರಡು ಡಬ್ಬಿಗಳೂ ಒಂದೇ ಕಡೆ ಬಂದವು.

ಈ ಗುರುತು ಮತ್ತು ಬಾಣಕ್ಕೆ ತಂತ್ರಜ್ಞಾನದಲ್ಲಿ ಆಂಕರ್ ಎಂದು ಹೆಸರು, ಅಂದರೆ ಲಂಗರು. ಹೆಡ್‌ಸೆಟ್ ತನ್ನ ಕ್ಯಾಮೆರಾ ಮತ್ತು ಸಂವೇದಕಗಳಿಂದ ಕೋಣೆಯ ಮೂಲೆ, ಮೇಜಿನ ಅಂಚು, ಗೋಡೆಯ ಚಿತ್ರ ಮುಂತಾದ ಗುರುತುಗಳನ್ನು ಗಮನಿಸಿ, ಅವುಗಳಿಗೆ ಹೊಂದಿಸಿ ಲಂಗರು ಹಾಕುತ್ತದೆ. ಇನ್ನೊಂದು ಹೆಡ್‌ಸೆಟ್ ಅದೇ ಗುರುತುಗಳನ್ನು ಕಂಡು ಆ ಲಂಗರನ್ನು ಪತ್ತೆಹಚ್ಚುತ್ತದೆ. 2018ರಲ್ಲಿ ಗೂಗಲ್ ಕ್ಲೌಡ್ ಆಂಕರ್ ಎಂಬ ಸೌಲಭ್ಯವನ್ನು ತಂದಿತು. ಅದೇ ವರ್ಷ ಆಪಲ್ ತನ್ನ ಎಆರ್‌ಕಿಟ್ 2ರಲ್ಲಿ ಒಂದು ಫೋನ್ ಮಾಡಿದ ಜಾಗದ ನಕ್ಷೆಯನ್ನು ಇನ್ನೊಂದಕ್ಕೆ ಕೊಡುವ ವ್ಯವಸ್ಥೆ ಮಾಡಿತು. ಮೈಕ್ರೊಸಾಫ್ಟ್ 2019ರಲ್ಲಿ ಪ್ರಕಟಿಸಿದ ಇಂಥದೇ ಸೇವೆ 2024ರ ನವೆಂಬರ್‌ನಲ್ಲಿ ನಿಂತುಹೋಯಿತು. ಉತ್ಪನ್ನದ ಹೆಸರುಗಳು ಬದಲಾಗುತ್ತವೆ, ಲಂಗರಿನ ತತ್ವ ಬದಲಾಗುವುದಿಲ್ಲ. ಪಾಠವನ್ನು ಉತ್ಪನ್ನಕ್ಕೆ ಕಟ್ಟಿಹಾಕಬಾರದು ಎನ್ನುವುದಕ್ಕೆ ಇದೇ ಕಾರಣ.

ಅವಧಿಯ ಕೊನೆಯ ಹತ್ತು ನಿಮಿಷಕ್ಕೆ ಒಂದು ಲೆಕ್ಕ ಕೊಟ್ಟೆ. ಬಾಣ 1 ಡಿಗ್ರಿಯಷ್ಟು ವಾರೆಯಾದರೆ ಡಬ್ಬಿ ಎಷ್ಟು ಪಕ್ಕಕ್ಕೆ ಸರಿಯುತ್ತದೆ? ಲಂಗರಿನಿಂದ ಡಬ್ಬಿಗಿರುವ ದೂರವನ್ನು ತ್ರಿಜ್ಯವೆಂದು ತಿಳಿದು, ಪರಿಧಿಯನ್ನು 360ರಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. 1 ಮೀಟರ್ ದೂರದಲ್ಲಿ ಸುಮಾರು 1.7 ಸೆಂ.ಮೀ., 3 ಮೀಟರ್ ದೂರದಲ್ಲಿ 5.2 ಸೆಂ.ಮೀ., 5 ಮೀಟರ್ ದೂರದಲ್ಲಿ 8.7 ಸೆಂ.ಮೀ. ದಾರ ಹಿಡಿದು ಇದನ್ನು ನೆಲದ ಮೇಲೂ ತೋರಿಸಬಹುದು. ವಸ್ತುವನ್ನು ಲಂಗರಿನಿಂದ 3 ಮೀಟರ್ ಒಳಗೇ ಇಡಬೇಕೆಂದು ಹೋಲೊಲೆನ್ಸ್ ಮಾರ್ಗಸೂಚಿ ಹೇಳುವುದರ ಹಿಂದಿನ ಗಣಿತ ಇದೇ. ಲಂಗರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ವಾರೆ ದೂರದಲ್ಲಿ ಬೇರೊಂದು ರಕ್ತನಾಳವನ್ನೇ ತೋರಿಸುವಷ್ಟು ದೊಡ್ಡದಾಗುತ್ತದೆ.

ಒಂದು ಮುಂದುವರಿದ ಪ್ರಶ್ನೆಯನ್ನು ಮನೆಗೆಲಸವಾಗಿ ಕೊಡಬಹುದು: ನೋಡುವವರು ಬೇರೆ ಬೇರೆ ಊರಿನಲ್ಲಿದ್ದರೆ ಲಂಗರು ಎಲ್ಲಿ? 2020ರಲ್ಲಿ ಕೊರೊನಾದಿಂದ ಕಾಲೇಜು ಮುಚ್ಚಿದಾಗ ಕ್ಲೀವ್‌ಲ್ಯಾಂಡ್‌ನ ವಿದ್ಯಾರ್ಥಿಗಳು ಮನೆಯಿಂದಲೇ ಹೋಲೊಅನಾಟಮಿ ಪಾಠ ಕೇಳಿದರು. ಅಲ್ಲಿ ಎಲ್ಲರಿಗೂ ಸಾಮಾನ್ಯವಾದ ಮೇಜು ಇಲ್ಲ. ಇಂಥ ಸಂದರ್ಭಕ್ಕೆ ದಾರಿಯೆಂದರೆ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ವಸ್ತುವನ್ನು ಬೇಕಾದಲ್ಲಿ ಇಟ್ಟುಕೊಂಡು, ಉಳಿದೆಲ್ಲ ಅಳತೆಗಳನ್ನು ವಸ್ತುವಿನಿಂದಲೇ ಎಣಿಸುವುದು. ಆಗ ವಸ್ತುವೇ ಮೂಲಬಿಂದು. ಅಧ್ಯಾಪಕರ ಬೆರಳನ್ನೂ "ಕೋಣೆಯಲ್ಲಿ ಇಲ್ಲಿ" ಎಂದು ತಿಳಿಸದೆ "ವಸ್ತುವಿನ ಮೇಲೆ ಇಲ್ಲಿ" ಎಂದು ತಿಳಿಸಬೇಕಾಗುತ್ತದೆ.

ಎರಡನೇ ಅವಧಿ: ಹೇಗಿದೆ?

ಜಾಲವನ್ನು ಅಳಿಸಿ, ಇಬ್ಬರಿಗೂ ಒಂದೇ ಅಳತೆಯ ಎರಡು ಜಾಲಗಳನ್ನು ಬರೆದು ನಡುವೆ ಜಮಖಾನದ ಪರದೆ ಕಟ್ಟಿದೆವು. ತಂಡಕ್ಕೊಂದು ಡಬ್ಬಿ. ಕಾವೇರಿ ತಂಡ ಡಬ್ಬಿಯನ್ನು ಇಟ್ಟಂತೆಯೇ ತುಂಗಾ ತಂಡವೂ ಇಡಬೇಕು. ಮಾತಾಡುವಂತಿಲ್ಲ, ಅಂಚೆಯವನಾದ ಒಬ್ಬ ವಿದ್ಯಾರ್ಥಿ ಚೀಟಿ ಒಯ್ಯುತ್ತಾನೆ.

ಮೊದಲ ಚೀಟಿಯಲ್ಲಿ ಮಕ್ಕಳು ಡಬ್ಬಿಯ ಚಿತ್ರವನ್ನೇ ಬರೆದು ಬಣ್ಣ ತುಂಬಲು ಕುಳಿತರು. ಐದು ನಿಮಿಷ ಕಳೆಯಿತು. ಆಗ ತುಂಗಾ ತಂಡದ ಹುಡುಗಿಯೊಬ್ಬಳು ಪರದೆಯಾಚೆಯಿಂದ, "ಮಿಸ್, ಡಬ್ಬಿ ನಮ್ಮ ಹತ್ತಿರಾನೂ ಇದೆಯಲ್ಲ, ಚಿತ್ರ ಯಾಕೆ?" ಎಂದಳು. ಅವಧಿಯ ತಿರುವು ಈ ಪ್ರಶ್ನೆಯೇ. ಅದನ್ನು ಶಿಕ್ಷಕರು ಹೇಳಿಬಿಡಬಾರದು, ಕಾಯಬೇಕು. ಮುಂದಿನ ಚೀಟಿಯಲ್ಲಿ ಬಂದದ್ದು ಇಷ್ಟೇ: "4, 1, ಮೇಲೆ ಕೆಂಪು, ಎದುರಿಗೆ ಹಳದಿ."

ಇದೇ ಲೆಕ್ಕವನ್ನು ನಿಜವಾದ ವ್ಯವಸ್ಥೆಗೆ ಹೊಂದಿಸಿದೆವು. ಮೂರು ಆಯಾಮದ ಜಾಗದಲ್ಲಿ ಸ್ಥಾನ ಹೇಳಲು 3 ಸಂಖ್ಯೆ ಬೇಕು. ವಸ್ತು ಹೇಗೆ ತಿರುಗಿದೆ ಎಂದು ಹೇಳಲು ಸಾಮಾನ್ಯವಾಗಿ 4 ಸಂಖ್ಯೆಗಳ ಕ್ವಾಟರ್ನಿಯನ್ ಬಳಸುತ್ತಾರೆ. ಇದು ವಿಲಿಯಂ ರೋವನ್ ಹ್ಯಾಮಿಲ್ಟನ್ 1843ರಲ್ಲಿ ಕಂಡುಕೊಂಡದ್ದು. ಸಂಖ್ಯೆಗೆ 4 ಬೈಟ್‌ನಂತೆ 7 ಸಂಖ್ಯೆಗಳಿಗೆ 28 ಬೈಟ್. ಸೆಕೆಂಡಿಗೆ 60 ಬಾರಿ ಕಳುಹಿಸಿದರೂ 1,680 ಬೈಟ್. ಅದೇ 1920 × 1080 ಬಿಂದುಗಳ ಒಂದೇ ಒಂದು ಚಿತ್ರಕ್ಕೆ, ಬಿಂದುವಿಗೆ 3 ಬೈಟ್‌ನಂತೆ, ಅದುಮದೆ ಕಳುಹಿಸಿದರೆ 62,20,800 ಬೈಟ್. ಎರಡು ಲಕ್ಷಕ್ಕೂ ಹೆಚ್ಚು ಪಟ್ಟು! ವಿಡಿಯೊವನ್ನು ಅದುಮಿ ಚಿಕ್ಕದು ಮಾಡುವ ವಿಧಾನಗಳಿವೆ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಹಾಗಿದ್ದರೂ ಅಂತರ ದೊಡ್ಡದೇ.

ಮುಂದಿನ ಸವಾಲು, ಚೀಟಿಗಳ ನಡುವಿನ ಸಮಯ. ಕಾವೇರಿ ತಂಡದವನು ಒಂದು ಚಪ್ಪಾಳೆಗೆ ಒಂದು ಚೌಕದಂತೆ ಡಬ್ಬಿಯನ್ನು (0, 0)ದಿಂದ ಬಲಕ್ಕೆ ಸರಿಸುತ್ತಾನೆ. ಚೀಟಿ ಹೋಗುವುದು ಐದು ಚಪ್ಪಾಳೆಗೊಮ್ಮೆ. ತುಂಗಾ ತಂಡ ಚೀಟಿ ಬರುವವರೆಗೆ ಸುಮ್ಮನಿದ್ದರೆ ಅವರ ಡಬ್ಬಿ ನಿಂತು ನಿಂತು ಜಿಗಿಯುತ್ತದೆ. ಮಕ್ಕಳು ಸೂಚಿಸಿದ ಉಪಾಯ: "ಅದೇ ವೇಗದಲ್ಲಿ ಹೋಗ್ತಾ ಇರುತ್ತೆ ಅಂತ ತಿಳ್ಕೊಂಡು ನಾವೂ ಸರಿಸೋಣ." ಹಾಗೆಯೇ ಮಾಡಿದಾಗ ಓಟ ನಯವಾಯಿತು. ಆದರೆ ಮೂರನೇ ಚಪ್ಪಾಳೆಯ ನಂತರ ಕಾವೇರಿಯವನು ಮುಂದಕ್ಕೆ ತಿರುಗಿಸಿದ. ಐದನೇ ಚಪ್ಪಾಳೆಗೆ ನಿಜವಾದ ಡಬ್ಬಿ (3, 2)ರಲ್ಲಿ, ಅಂದಾಜಿನ ಡಬ್ಬಿ (5, 0)ಯಲ್ಲಿ!

ಇದಕ್ಕೊಂದು ಸೊಗಸಾದ ಪರಿಹಾರವಿದೆ. ನೆರೆಯವರು ಮಾಡುವ ಅಂದಾಜನ್ನು ಕಳುಹಿಸುವವನೂ ತನ್ನಲ್ಲೇ ಮಾಡಿಕೊಳ್ಳಬಲ್ಲ. ಅಂದಾಜಿಗೂ ನಿಜಸ್ಥಾನಕ್ಕೂ ಅಂತರ ಒಂದು ಚೌಕದ ಬಾಹುವನ್ನು ಮೀರಿದಾಗ ಮಾತ್ರ ಚೀಟಿ ಕಳುಹಿಸಿದರಾಯಿತು. ನಾಲ್ಕನೇ ಚಪ್ಪಾಳೆಗೆ ನಿಜಸ್ಥಾನ (3, 1), ಅಂದಾಜು (4, 0). ಪೈಥಾಗೊರಸ್ ಪ್ರಮೇಯದಂತೆ ಅಂತರ √2, ಅಂದರೆ ಸುಮಾರು 1.41. ಮಿತಿ ಮೀರಿತು, ಚೀಟಿ ಹೊರಟಿತು. ನೇರವಾಗಿ ಹೋಗುವಾಗ ಒಂದು ಚೀಟಿಯೂ ಬೇಕಿಲ್ಲ. 1980ರ ದಶಕದಲ್ಲಿ ಅಮೆರಿಕದ ಡಾರ್ಪಾ ಸಂಸ್ಥೆ ದೂರದೂರದ ಟ್ಯಾಂಕ್ ತರಬೇತಿ ಯಂತ್ರಗಳನ್ನು ಜೋಡಿಸಿದ ಸಿಮ್‌ನೆಟ್ ಜಾಲದಲ್ಲಿ ಬಳಸಿದ್ದು ಇದೇ ಉಪಾಯ. ಹಡಗಿನವರ ಹಳೆಯ ಪದವನ್ನೇ ಬಳಸಿ ಇದನ್ನು ಡೆಡ್ ರೆಕನಿಂಗ್ ಎನ್ನುತ್ತಾರೆ. ಇದಕ್ಕೆ ಎದುರಾದ ಇನ್ನೊಂದು ವಿಧಾನವೂ ಇದೆ: ಮುಂದೇನೆಂದು ಊಹಿಸದೆ, ಬಂದ ಎರಡು ಚೀಟಿಗಳ ನಡುವಿನ ದಾರಿಯನ್ನು ಸ್ವಲ್ಪ ತಡವಾಗಿ ತೋರಿಸುವುದು. ವಾಲ್ವ್ ಕಂಪನಿಯ ಸೋರ್ಸ್ ಗೇಮ್ ಎಂಜಿನ್‌ನಲ್ಲಿ ಈ ತಡವನ್ನು 100 ಮಿಲಿಸೆಕೆಂಡ್ ಎಂದು ಇಟ್ಟಿದ್ದರು. ಊಹಿಸಿದರೆ ತಪ್ಪುವ ಸಾಧ್ಯತೆ, ಊಹಿಸದಿದ್ದರೆ ತಡ. ಎರಡೂ ಬೇಡವೆನ್ನುವ ದಾರಿ ಇಲ್ಲ.

ಈ ಅವಧಿಯಲ್ಲಿ ತಡವಾಗಿ ಬಂದ ವಿದ್ಯಾರ್ಥಿಯನ್ನೂ ಪಾಠಕ್ಕೆ ಬಳಸಿಕೊಳ್ಳಬಹುದು. ಅವನಿಗೆ ಒಂದು ಡಬ್ಬಿ ಕೊಟ್ಟು ಆಟಕ್ಕೆ ಸೇರಿಸಿ. "ಒಂದು ಬಲಕ್ಕೆ", "ಎರಡು ಮುಂದಕ್ಕೆ" ಎಂಬ ಹೊಸ ಚೀಟಿಗಳಿಂದ ಅವನಿಗೆ ಏನೂ ಪ್ರಯೋಜನವಿಲ್ಲ, ಏಕೆಂದರೆ ಎಲ್ಲಿಂದ ಎಂಬುದೇ ಗೊತ್ತಿಲ್ಲ. ಬದಲಾವಣೆಯನ್ನಷ್ಟೇ ತಿಳಿಸುವ ಚೀಟಿ ಬೇರೆ, ಪೂರ್ಣ ಸ್ಥಿತಿಯನ್ನು ತಿಳಿಸುವ ಚೀಟಿ ಬೇರೆ, ಹೊಸದಾಗಿ ಬಂದವರಿಗೆ ಎರಡನೆಯದೇ ಮೊದಲು ಬೇಕು ಎಂಬುದು ಆಗ ಯಾವ ವಿವರಣೆಯೂ ಇಲ್ಲದೆ ಮನದಟ್ಟಾಗುತ್ತದೆ.

ಮೂರನೇ ಅವಧಿ: ಯಾರ ಕೈಯಲ್ಲಿದೆ?

ಈ ಅವಧಿಯೇ ಪಾಠದ ಹೃದಯ. ಹಿಂದಿನ ಅವಧಿಯಲ್ಲಿ ಡಬ್ಬಿಯನ್ನು ಸರಿಸುತ್ತಿದ್ದದ್ದು ಒಂದೇ ತಂಡ. ಈಗ ನಿಯಮ ಹೀಗೆ: ಯಾರು ಬೇಕಾದರೂ ತಮ್ಮ ಡಬ್ಬಿಯನ್ನು ಸರಿಸಬಹುದು. ಸರಿಸಿದ ಕೂಡಲೇ ಚೀಟಿ ಕಳುಹಿಸಬೇಕು. ಚೀಟಿ ಬಂದ ಕೂಡಲೇ ಅದರಲ್ಲಿದ್ದಂತೆ ಇಡಬೇಕು.

ಸ್ವಲ್ಪ ಹೊತ್ತು ಎಲ್ಲ ಚೆನ್ನಾಗಿ ನಡೆಯಿತು. ನಂತರ ಒಂದೇ ಚಪ್ಪಾಳೆಗೆ ಇಬ್ಬರಿಗೂ ಸರಿಸಲು ಹೇಳಿದೆ. ಕಾವೇರಿ ತಂಡ (1, 1)ರಲ್ಲಿಟ್ಟು ಚೀಟಿ ಬರೆಯಿತು. ತುಂಗಾ ತಂಡ (6, 2)ರಲ್ಲಿಟ್ಟು ಚೀಟಿ ಬರೆಯಿತು. ಚೀಟಿಗಳು ದಾರಿಯಲ್ಲಿ ಒಂದನ್ನೊಂದು ದಾಟಿದವು. ಇಬ್ಬರೂ ಬಂದ ಚೀಟಿಯಂತೆ ಡಬ್ಬಿಯನ್ನು ಇಟ್ಟರು. ಪರದೆ ಸರಿಸಿದಾಗ ಕಾವೇರಿಯ ಡಬ್ಬಿ (6, 2)ರಲ್ಲಿ, ತುಂಗಾದ ಡಬ್ಬಿ (1, 1)ರಲ್ಲಿ!

ತಕ್ಷಣ ಜಗಳ ಎದ್ದಿತು. "ಅವರೇ ಚೀಟಿ ಸರಿಯಾಗಿ ನೋಡಿಲ್ಲ" ಎಂದು ಎರಡೂ ಕಡೆಯವರು. ಚೀಟಿಗಳನ್ನು ತೆಗೆದು ಎಲ್ಲರ ಮುಂದೆ ಓದಿಸಿದೆ. ಯಾರೂ ನಿಯಮ ಮುರಿದಿರಲಿಲ್ಲ. ಎಲ್ಲರೂ ನಿಯಮ ಪಾಲಿಸಿದ್ದರಿಂದಲೇ ಎರಡು ಡಬ್ಬಿಗಳು ಬೇರೆಯಾಗಿದ್ದವು, ಮತ್ತು ಹೊಸ ಚೀಟಿ ಬರುವವರೆಗೆ ಹಾಗೆಯೇ ಬೇರೆಯಾಗಿ ಉಳಿಯುತ್ತಿದ್ದವು. ಇಲ್ಲಿ ಶಿಕ್ಷಕರು ಒಂದು ನಿಮಿಷ ನಿಲ್ಲಬೇಕು. ದೋಷ ವ್ಯಕ್ತಿಯಲ್ಲಿಲ್ಲ, ನಿಯಮದಲ್ಲಿದೆ ಎಂಬುದನ್ನು ಮಕ್ಕಳು ಬಾಯಿಬಿಟ್ಟು ಹೇಳಬೇಕು.

"ಹಾಗಾದರೆ ನಿಯಮವನ್ನು ತಿದ್ದಿ" ಎಂದು ತಂಡಗಳಿಗೆ ಹತ್ತು ನಿಮಿಷ ಕೊಟ್ಟೆ. ಬಂದ ಪರಿಹಾರಗಳು ಮೂರು.

ಮೊದಲನೆಯದು ಡಸ್ಟರ್ ನಿಯಮ. ಡಸ್ಟರ್ ಕೈಯಲ್ಲಿದ್ದವರು ಮಾತ್ರ ಡಬ್ಬಿ ಸರಿಸಬಹುದು. ಬೇಕಾದವರು ಕೇಳಿ ಪಡೆಯಬೇಕು. ಇದಕ್ಕೆ ತಂತ್ರಜ್ಞರು ಒಡೆತನ ಎನ್ನುತ್ತಾರೆ. ಕೂಡಲೇ ಒಬ್ಬ ಹುಡುಗ ಕೇಳಿದ: "ಡಸ್ಟರ್ ಹಿಡ್ಕೊಂಡೋನು ನೀರು ಕುಡಿಯೋಕೆ ಹೋಗ್ಬಿಟ್ರೆ?" ನಿಜ ವ್ಯವಸ್ಥೆಯಲ್ಲೂ ಒಡೆಯನ ಹೆಡ್‌ಸೆಟ್‌ನ ಬ್ಯಾಟರಿ ಮುಗಿದರೆ ವಸ್ತು ಯಾರ ಕೈಗೂ ಸಿಗದಂತಾಗಬಹುದು. ಅದಕ್ಕಾಗಿ ಒಡೆತನಕ್ಕೆ ಒಂದು ಗಡುವು ಇಡುತ್ತಾರೆ. ಗಡುವಿನೊಳಗೆ ನವೀಕರಿಸದಿದ್ದರೆ ಡಸ್ಟರ್ ತಾನಾಗಿ ಬಿಡುಗಡೆ.

ಎರಡನೆಯದು ಮಾನಿಟರ್ ನಿಯಮ. ಎಲ್ಲ ಚೀಟಿಗಳೂ ಮೊದಲು ತರಗತಿಯ ಮಾನಿಟರ್ ಬಳಿ ಹೋಗಬೇಕು. ಆಕೆ ಬಂದ ಕ್ರಮದಲ್ಲಿ ಕ್ರಮಸಂಖ್ಯೆ ಹಾಕಿ ಇಬ್ಬರಿಗೂ ಹಂಚುತ್ತಾಳೆ. ಎಲ್ಲರೂ ಕ್ರಮಸಂಖ್ಯೆಯಂತೆಯೇ ನಡೆಯುತ್ತಾರೆ. ಕೊನೆಯ ಸಂಖ್ಯೆಯ ಚೀಟಿಯೇ ಎಲ್ಲರಿಗೂ ಅಂತಿಮ. ಮಾನಿಟರ್ ಇಲ್ಲಿ ಸರ್ವರ್.

ಮೂರನೆಯದು ಗಡಿಯಾರದ ನಿಯಮ. ಚೀಟಿಯ ಮೇಲೆ ಸಮಯ ಬರೆಯೋಣ, ನಂತರ ಸರಿಸಿದವರದ್ದೇ ನಿಲ್ಲಲಿ. ಕೇಳಲು ನ್ಯಾಯವಾಗಿದೆ. ಆದರೆ ತರಗತಿಯಲ್ಲಿದ್ದ ಕೈಗಡಿಯಾರಗಳನ್ನೆಲ್ಲ ಒಟ್ಟಿಗೆ ಓದಿಸಿದಾಗ ಒಂದಕ್ಕೊಂದು ತಾಳೆಯಾಗಲಿಲ್ಲ. ಗಡಿಯಾರಗಳ ಅಂತರವನ್ನು ಕಂಡುಹಿಡಿಯುವ ಲೆಕ್ಕ ಒಂಬತ್ತನೇ ತರಗತಿಗೆ ಎಟಕುವಂಥದ್ದೇ. ಕಾವೇರಿ ತನ್ನ ಗಡಿಯಾರದ 0 ಸೆಕೆಂಡಿಗೆ ಚೀಟಿ ಕಳುಹಿಸುತ್ತದೆ. ತುಂಗಾಗೆ ಅದು ತಲುಪುವುದು ತುಂಗಾ ಗಡಿಯಾರದ 13ಕ್ಕೆ. ತುಂಗಾ 15ಕ್ಕೆ ಉತ್ತರಿಸುತ್ತದೆ. ಕಾವೇರಿಗೆ ಉತ್ತರ ಸಿಗುವುದು ಕಾವೇರಿ ಗಡಿಯಾರದ 6ಕ್ಕೆ. ಹೋಗುವ ವ್ಯತ್ಯಾಸ 13 − 0 = 13, ಬರುವ ವ್ಯತ್ಯಾಸ 15 − 6 = 9. ಎರಡರ ಸರಾಸರಿ 11. ತುಂಗಾ ಗಡಿಯಾರ 11 ಸೆಕೆಂಡು ಮುಂದಿದೆ. ಅಂತರ್ಜಾಲದ ಗಡಿಯಾರಗಳನ್ನು ಹೊಂದಿಸುವ ಎನ್‌ಟಿಪಿ ಎಂಬ ವಿಧಾನದ ಮೂಲ ಲೆಕ್ಕ ಇದೇ. ಡೇವಿಡ್ ಮಿಲ್ಸ್ ಅದನ್ನು 1985ರಲ್ಲಿ ದಾಖಲಿಸಿದರು. ಹೋಗುವ ದಾರಿ, ಬರುವ ದಾರಿ ಎರಡಕ್ಕೂ ಒಂದೇ ಸಮಯ ಹಿಡಿಯುತ್ತದೆ ಎಂಬ ಊಹೆ ಇದರಲ್ಲಿ ಅಡಗಿದೆ. ಆ ಊಹೆಯನ್ನು ಮಕ್ಕಳೇ ಹುಡುಕುವಂತೆ ಪ್ರಶ್ನಿಸಬೇಕು. ಬೇರೆ ಬೇರೆ ಯಂತ್ರಗಳಲ್ಲಿ ನಡೆಯುವ ಘಟನೆಗಳಿಗೆ ಗಡಿಯಾರದ ಬದಲು ಕ್ರಮಸಂಖ್ಯೆಯಿಂದಲೇ ಹಿಂದು ಮುಂದು ಹೇಳಬಹುದೆಂದು ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ತೋರಿಸಿದರು.

ಡಸ್ಟರ್ ಕೇಳಿ ಪಡೆಯುವುದಕ್ಕೂ ಸಮಯ ಬೇಕು ಎಂಬುದನ್ನು ಒಂದು ಲೆಕ್ಕದಿಂದ ತೋರಿಸಿದೆ. ಬೆಂಗಳೂರಿನಿಂದ ದೆಹಲಿಗೆ ನೇರ ದೂರ ಸುಮಾರು 1,700 ಕಿ.ಮೀ. ಗಾಜಿನ ತಂತಿಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗಿ ಬರಲು ಕನಿಷ್ಠ 17 ಮಿಲಿಸೆಕೆಂಡ್. ಸೆಕೆಂಡಿಗೆ 60 ಚಿತ್ರ ತೋರಿಸುವ ಹೆಡ್‌ಸೆಟ್‌ನಲ್ಲಿ ಒಂದು ಚಿತ್ರದ ಅವಧಿ 16.7 ಮಿಲಿಸೆಕೆಂಡ್. ಅಂದರೆ ಅನುಮತಿ ಬರುವಷ್ಟರಲ್ಲಿ, ಎಲ್ಲ ಅತ್ಯುತ್ತಮವಾಗಿದ್ದರೂ, ಒಂದು ಚಿತ್ರ ಕಳೆದಿರುತ್ತದೆ. ನಿಜದಲ್ಲಿ ದಾರಿ ನೇರವಲ್ಲವಾದ್ದರಿಂದ ಇನ್ನೂ ಹೆಚ್ಚು. ಹಾಗಾಗಿ ಹಲವು ವ್ಯವಸ್ಥೆಗಳು ಕೈಯಿಟ್ಟ ತಕ್ಷಣ ವಸ್ತುವನ್ನು ಸರಿಸಿಬಿಡುತ್ತವೆ. ಅನುಮತಿ ಸಿಗದಿದ್ದರೆ ಹಿಂದಕ್ಕೆ ತಂದಿಡುತ್ತವೆ. ಕೈಯಲ್ಲಿದ್ದ ವಸ್ತು ಒಮ್ಮೆಗೇ ಜಾರಿ ಹಿಂದಿನ ಜಾಗಕ್ಕೆ ಹೋದಂತೆ ಕಂಡರೆ ಕಾರಣ ಇದು.

ಮೌಲ್ಯಮಾಪನ

ನೆನಪಿನ ಪ್ರಶ್ನೆಗಳಿಗಿಂತ ಲಕ್ಷಣ ನೋಡಿ ಕಾರಣ ಹೇಳುವ ಪ್ರಶ್ನೆಗಳು ಈ ಪಾಠಕ್ಕೆ ಹೆಚ್ಚು ಹೊಂದುತ್ತವೆ. ನಾನು ಕೊಟ್ಟ ನಾಲ್ಕು ಸನ್ನಿವೇಶಗಳು ಇವು. ಪ್ರತಿಯೊಂದಕ್ಕೂ "ಎಲ್ಲಿ, ಹೇಗೆ, ಯಾರ ಕೈ" ಎಂಬ ಮೂರರಲ್ಲಿ ಯಾವ ಒಪ್ಪಂದ ಮುರಿದಿದೆ ಎಂದು ಕಾರಣ ಸಹಿತ ಬರೆಯಬೇಕು.

1. ಲಂಗರಿನ ಹತ್ತಿರದ ವಸ್ತುಗಳು ಇಬ್ಬರಿಗೂ ಸರಿಯಾಗಿವೆ, ದೂರದವು ಮಾತ್ರ ಪಕ್ಕಕ್ಕೆ ಸರಿದಿವೆ. (ಎಲ್ಲಿ: ದಿಕ್ಕಿನಲ್ಲಿ ವಾರೆ.)
2. ಗೆಳತಿ ಸರಿಸಿದ ವಸ್ತು ನನಗೆ ನಿಂತು ನಿಂತು ಜಿಗಿಯುತ್ತಿದೆ. (ಹೇಗೆ: ಸ್ಥಿತಿಯ ಸುದ್ದಿ ವಿರಳ, ನಡುವೆ ಅಂದಾಜು ಇಲ್ಲ.)
3. ತಡವಾಗಿ ಸೇರಿದವನಿಗೆ ಮಾತ್ರ ಎಲ್ಲವೂ ಆರಂಭದ ಜಾಗದಲ್ಲೇ ಕಾಣುತ್ತಿದೆ. (ಹೇಗೆ: ಪೂರ್ಣ ಸ್ಥಿತಿ ಸಿಕ್ಕಿಲ್ಲ.)
4. ನಾನಿಟ್ಟ ಜಾಗ ಅವಳಿಗೆ, ಅವಳಿಟ್ಟ ಜಾಗ ನನಗೆ ಕಾಣುತ್ತಿದೆ. (ಯಾರ ಕೈ: ಚೀಟಿಗಳು ದಾಟಿವೆ.)

ಒಂದನೆಯದಕ್ಕೆ "ನೆಟ್‌ವರ್ಕ್ ಸರಿಯಿಲ್ಲ" ಎಂದು ಬರೆಯುವ ಮಕ್ಕಳು ಇರುತ್ತಾರೆ. ಅವರನ್ನು ಮತ್ತೆ ಜಗುಲಿಗೆ ಕರೆದೊಯ್ದು ದಾರದ ಲೆಕ್ಕವನ್ನು ಮಾಡಿಸಿದರೆ ಸಾಕು. ಎಲ್ಲ ದೋಷಕ್ಕೂ ನೆಟ್‌ವರ್ಕ್ ಕಾರಣ ಎನ್ನುವುದು ದೊಡ್ಡವರಲ್ಲೂ ಇರುವ ಅಭ್ಯಾಸ.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ಮೂರು ಅವಧಿ ಸಿಗದಿದ್ದರೆ ಮೊದಲ ಮತ್ತು ಮೂರನೇ ಅವಧಿಯ ಚಟುವಟಿಕೆಗಳನ್ನು ಉಳಿಸಿಕೊಳ್ಳಿ. ಮೊದಲನೆಯದು ಪಠ್ಯದ ಘಟಕಕ್ಕೆ ನೇರ ಸಂಬಂಧಿಸಿದ್ದು. ಮೂರನೆಯದನ್ನು ಬೇರೆ ಯಾವ ರೀತಿಯಲ್ಲೂ ಇಷ್ಟು ಸ್ಪಷ್ಟವಾಗಿ ತೋರಿಸಲಾಗದು.

ಚೀಟಿಯ ಹೋಲಿಕೆಗೆ ಮಿತಿಯಿದೆ. ನಮ್ಮ ಅಂಚೆಯವ ಚೀಟಿ ಕಳೆಯುವುದಿಲ್ಲ, ಹಿಂದಿನದನ್ನು ಮುಂದೆ ಕೊಡುವುದಿಲ್ಲ. ನಿಜವಾದ ಜಾಲದಲ್ಲಿ ಎರಡೂ ನಡೆಯುತ್ತವೆ. ಚುರುಕಾದ ತರಗತಿಯಲ್ಲಿ ಅಂಚೆಯವನಿಗೆ ಗುಟ್ಟಾಗಿ "ಒಂದು ಚೀಟಿಯನ್ನು ಜೇಬಿನಲ್ಲಿಟ್ಟುಕೋ" ಎಂದು ಹೇಳಿ ಮುಂದೇನಾಗುತ್ತದೆ ಎಂದು ನೋಡಿ. "ಎರಡು ಬಲಕ್ಕೆ" ಎಂಬ ಚೀಟಿ ಕಳೆದರೆ ತಪ್ಪು ಹಾಗೆಯೇ ಉಳಿಯುತ್ತದೆ. "(5, 1)ರಲ್ಲಿದೆ" ಎಂಬ ಚೀಟಿ ಕಳೆದರೆ ಮುಂದಿನ ಚೀಟಿ ಬಂದಾಗ ಸರಿಹೋಗುತ್ತದೆ. ಎರಡರ ವ್ಯತ್ಯಾಸವನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.

ಪಾಠ ವೀಕ್ಷಣೆಯ ನಮೂನೆ ತುಂಬುವ ಮಾರ್ಗದರ್ಶಕರಿಗೂ ಒಂದು ಮಾತು. ಜಗುಲಿಯ ಮೇಲೆ ಮಕ್ಕಳು ಗಲಾಟೆ ಮಾಡುವ ಹೊತ್ತನ್ನು ತರಗತಿ ನಿರ್ವಹಣೆಯ ಕೊರತೆ ಎಂದು ಬರೆಯಬೇಡಿ. ಚೀಟಿಗಳು ದಾಟಿದಾಗ ಎದ್ದ ಜಗಳದಿಂದಲೇ ನಿಯಮವನ್ನು ತಿದ್ದುವ ಕೆಲಸ ಶುರುವಾಗುತ್ತದೆ. ಆ ಜಗಳವನ್ನು ಪ್ರಶಿಕ್ಷಣಾರ್ಥಿ ಅದುಮಿದರೋ, ಚೀಟಿ ಓದಿಸಿ ವಿಚಾರಣೆಯಾಗಿ ತಿರುಗಿಸಿದರೋ ಎಂಬುದನ್ನು ಗಮನಿಸಿ.

ಕೊನೆಯದಾಗಿ, ಈ ಸಾಧನಗಳು ಮುಂದೊಂದು ದಿನ ನಮ್ಮ ಪ್ರಯೋಗಾಲಯಗಳಿಗೂ ಬಂದಾಗ ಶಿಕ್ಷಕರು ಮಾಡಬೇಕಾದ ಮೊದಲ ಪರೀಕ್ಷೆ ಬಹಳ ಸರಳ. ಗೊತ್ತಿರುವ ಒಂದು ಬಿಂದುವನ್ನು ತೋರಿಸಿ, "ನನ್ನ ಬೆರಳು ಈಗ ಎಲ್ಲಿದೆ?" ಎಂದು ಪ್ರತಿ ವಿದ್ಯಾರ್ಥಿಯನ್ನೂ ಕೇಳಿ. ಎಲ್ಲರ ಉತ್ತರ ಒಂದಾದ ಮೇಲೆ ಪಾಠ ಆರಂಭಿಸಿ. ಉತ್ತರಗಳು ಬೇರೆಯಾದರೆ ಮೊದಲು ಲಂಗರನ್ನು ನೋಡಿ, ಆಮೇಲೆ ಮಗುವನ್ನು.